ಎಲ್ಲ ಕಪ್ಪೆಯೂ ಒಂದೇ ಅಲ್ಲ

ಅಕ್ಕನ ಮಗಳ ಶಾಲೆಯಲ್ಲಿ ಇವತ್ತು ವಿಜ್ಞಾನ ಪ್ರದರ್ಶನ ಇತ್ತು. ಹೋಗಿ ಬಂದಾಗಿನಿಂದ ತಲೆ ಬಿಸಿಯಾಗಿದೆ, ಊಟವೂ ಸೇರಲಿಲ್ಲ. ನನಗೆ ಕಪ್ಪೆ ಅಂದರೆ ಎಷ್ಟು ಇಷ್ಟ ಅಂತ ನಿಮಗೆ ಗೊತ್ತೇ ಇದೆ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಥರ್ಮಾಕೋಲಿನಲ್ಲಿ ಬೆಟ್ಟ ಮಾಡಿದ್ದಳು. ಒಂದು ಕಡೆ ನೀಲಗಿರಿ, ಇನ್ನೊಂದು ಕಡೆ ಪಳನಿ, ಎರಡಕ್ಕೂ ದಟ್ಟ ಹಸಿರು. ನಡುವೆ ಪಶ್ಚಿಮ ಘಟ್ಟದ ಸಾಲನ್ನು ತುಂಡರಿಸುವ ಪಾಲಕ್ಕಾಡಿನ ಕಣಿವೆ, ಅಲ್ಲಿ ಮಾತ್ರ ಕಂದು ಬಣ್ಣ. ಎರಡೂ ಬೆಟ್ಟದ ಮೇಲೆ ಜೇಡಿಮಣ್ಣಿನ ಪುಟ್ಟ ಮರಗಪ್ಪೆ. ಅವುಗಳ ವೈಜ್ಞಾನಿಕ ಹೆಸರನ್ನೂ ದುಂಡಗೆ ಬರೆದಿದ್ದಳು: ನೀಲಗಿರಿಯದರ ಕೆಳಗೆ ಘಾಟಿಕ್ಸಾಲಸ್ ವೇರಿಯಬಿಲಿಸ್, ಪಳನಿಯದರ ಕೆಳಗೆ ಘಾಟಿಕ್ಸಾಲಸ್ ಆಸ್ಟರಾಪ್ಸ್.

ತೀರ್ಪು ಕೊಡಲು ಬಂದವರು ನೋಡಿ, 'ಎರಡೂ ಕಪ್ಪೆ ತಾನೇ ಕಣಮ್ಮ, ಎರಡು ಹೆಸರು ಯಾಕೆ?' ಅಂದರು. ನಕ್ಕು ಮುಂದೆ ಹೋದರು.

ಯಾಕೆ ಅಂದರೆ ಅವು ಬೇರೆ ಬೇರೆ! ನೀಲಗಿರಿಯ ಕಪ್ಪೆಗೆ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ಹೆಸರಿಟ್ಟಿದ್ದು 1853ರಲ್ಲಿ. ಅದರ ಕುಲ, ಅಂದರೆ ಹತ್ತಿರದ ನೆಂಟ ಜಾತಿಗಳ ಗುಂಪು, ಯಾವುದು ಅಂತ ಇತ್ಯರ್ಥವಾಗಲು 2008 ಬರಬೇಕಾಯಿತು. ನಮ್ಮ ದೇಶದ ಕಪ್ಪೆ ತಜ್ಞ ಎಸ್.ಡಿ. ಬಿಜು ಮತ್ತು ಬೆಲ್ಜಿಯಂನ ಇಬ್ಬರು ವಿಜ್ಞಾನಿಗಳು ಡಿಎನ್‌ಎ ಪರೀಕ್ಷಿಸಿ ಘಾಟಿಕ್ಸಾಲಸ್ ಅನ್ನುವ ಹೊಸ ಕುಲವನ್ನೇ ಕಟ್ಟಿದರು. ಕಣಿವೆಯ ದಕ್ಷಿಣದ್ದಕ್ಕೆ ಆಸ್ಟರಾಪ್ಸ್ ಅಂತ ಹೆಸರು ಕೊಟ್ಟರು. ನಕ್ಷತ್ರದಂಥ ಕಣ್ಣು ಅಂತ ಅದರ ಅರ್ಥ. 2015ರಲ್ಲಿ ಮ್ಯಾಗ್ನಸ್ ಅನ್ನುವ ಮೂರನೆಯದೂ ಸೇರಿತು.

ನಮ್ಮ ಬಚ್ಚಲುಮನೆಯ ಬಕೆಟ್ಟಿಗೆ ಅಂಟಿಕೊಂಡು ಕೂರುತ್ತದಲ್ಲ, ಬೆರಳ ತುದಿ ಗುಂಡಗಿರುವುದು, ಅದೂ ಮರಗಪ್ಪೆಯೇ. ಮೈಸೂರಿನ ಬಿಸಿಲಲ್ಲೂ ಹೇಗೋ ಬದುಕಿಕೊಳ್ಳುತ್ತದೆ. ಈ ಬೆಟ್ಟದ ಕಪ್ಪೆಗಳು ಹಾಗಲ್ಲ. ಇವಕ್ಕೆ ಎತ್ತರ ಬೇಕು, ತಂಪು ಬೇಕು, ಕಾಡಿನ ಹರಿಯುವ ತೊರೆ ಬೇಕು. ಗೊದಮೊಟ್ಟೆಗಳು ಬೆಳೆಯುವುದು ಆ ತೊರೆಯಲ್ಲೇ. ನೀಲಗಿರಿಯ ಶೋಲಾ, ಅಂದರೆ ಎತ್ತರದ ಬೆಟ್ಟದ ತಂಪು ಕಾಡು, ಎಷ್ಟೋ ಕಡೆ ಟೀ ತೋಟ, ನೀಲಗಿರಿ ಮರದ ತೋಪು ಆಗಿಹೋಗಿದೆ. ಎರಡಕ್ಕೂ ಒಂದೇ ಹೆಸರಿದ್ದರೆ, ನೀಲಗಿರಿಯದು ಪೂರ್ತಿ ಅಳಿದರೂ 'ಪಳನಿಯಲ್ಲಿ ಇದೆಯಲ್ಲ' ಅಂದು ಸುಮ್ಮನಾಗುತ್ತೇವೆ. ಹೋಗಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಈಗಿನವರು ಡಿಎನ್‌ಎ ನೋಡಿ ಸುಮ್ನೆ ಒಂದನ್ನು ನಾಲ್ಕು ಮಾಡುತ್ತಾರೆ ಅನ್ನುವವರಿದ್ದಾರೆ. ಕೆಲವು ಕಡೆ ಆ ಅನುಮಾನ ಸರಿ ಇರಬಹುದು. ಇಲ್ಲಿ ನಡುವೆ ಸುಮಾರು 30 ಕಿಲೋಮೀಟರ್ ಅಗಲದ ಬಿಸಿ ಬಯಲಿದೆ. ತಂಪು ಬೇಡುವ ಕಪ್ಪೆ ಅದನ್ನು ದಾಟುವುದು ಹೇಗೆ?

ದೇವರಾಜ ಮಾರುಕಟ್ಟೆಯಲ್ಲಿ ರಸಬಾಳೆ ಅಂತ ಹೇಳಿ ಏಲಕ್ಕಿ ಬಾಳೆ ಕಟ್ಟಿಕೊಟ್ಟರೆ ಬಿಡುತ್ತೇವಾ? ಮೈಸೂರು ಮಲ್ಲಿಗೆ ಯಾವುದು ಅಂತ ಕಣ್ಣುಮುಚ್ಚಿ ವಾಸನೆಯಲ್ಲೇ ಹೇಳುವ ಊರು ನಮ್ಮದು. ಕಪ್ಪೆ ಅಂದ ಕೂಡಲೇ 'ಎಲ್ಲ ಒಂದೇ' ಅನ್ನುತ್ತೇವೆ, ಅದೂ ಕಲಿಯುವ ಮಗುವಿನ ಎದುರಿಗೆ.

ಒಂದು ಮಾತು ಹೇಳಲೇಬೇಕು. ಅವರು ನಕ್ಕಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಬೇರೆಯವರ ಶಾಲೆ, ನನಗ್ಯಾಕೆ ಅಂದುಕೊಂಡೆ. ಅದೇ ಈಗ ಜಾಸ್ತಿ ಚುಚ್ಚುತ್ತಿದೆ. ಅವರು ಹೋದ ಮೇಲೆ ಹುಡುಗಿ ಒಂದು ಕಪ್ಪೆಯ ಕಾಲು ಸಡಿಲವಾಗಿದ್ದನ್ನು ಬೆರಳಲ್ಲಿ ಒತ್ತಿ ಅಂಟಿಸುತ್ತಿದ್ದಳು. ಈ ಜಾಗಕ್ಕೆ ಮಾತ್ರ ಯಾಕಮ್ಮ ಕಂದು ಬಣ್ಣ ಅಂತ ಕೇಳಿದೆ.

ತಲೆ ಎತ್ತದೆ ಹೇಳಿದಳು, 'ಅಲ್ಲಿ ತುಂಬಾ ಬಿಸಿಲು ಆಂಟಿ. ಇವು ದಾಟಲ್ಲ.'