ಸ್ಪಷ್ಟನೆ: ಸಾನ್ ಜಿಮಿನ್ಯಾನೋದ ಗೋಪುರಗಳು ಕೋಟೆಯವಲ್ಲ

ಇಟಲಿಯ ಟಸ್ಕನಿಯಲ್ಲಿರುವ ಬೆಟ್ಟದೂರು ಸಾನ್ ಜಿಮಿನ್ಯಾನೋದ ಚಿತ್ರದ ಜೊತೆ ‘ಒಬ್ಬ ರಾಜ ಕಟ್ಟಿಸಿದ 14 ಗೋಪುರಗಳ ಕೋಟೆ, ಒಳಗೊಂದು ಕೆಥೆಡ್ರಲ್’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

ಗೋಪುರಗಳಲ್ಲಿ ಹೆಚ್ಚಿನವು ಸಿರಿವಂತ ಮನೆತನಗಳು ಪೈಪೋಟಿಗೆ ಬಿದ್ದು ಕಟ್ಟಿಸಿದವು. ಒಂದು ಕಾಲಕ್ಕೆ 72 ಇದ್ದವೆಂಬುದು ಪ್ರತೀತಿ. ರೊನ್ಯೋಸಾ ಗೋಪುರಕ್ಕಿಂತ ಎತ್ತರ ಯಾರೂ ಕಟ್ಟಕೂಡದೆಂದು 1255ರಲ್ಲಿ ಕಟ್ಟಳೆಯನ್ನೇ ತರಬೇಕಾಯಿತು! ಅದನ್ನೂ ಮೀರಿಸಿದ 54 ಮೀಟರಿನ ತೊರ್ರೆ ಗ್ರೊಸ್ಸಾ ನಗರಾಡಳಿತದ್ದೇ. ನಿಜವಾದ ಕೋಟೆ ಬೇರೆ ಇದೆ: ಊರು ಫ್ಲಾರೆನ್ಸ್‌ಗೆ ಶರಣಾದ ಮೇಲೆ, 1353ರಲ್ಲಿ ಎದ್ದ ಮೊಂತೆಸ್ತಾಫೊಲಿ. 16ನೇ ಶತಮಾನದಲ್ಲಿ ಅದನ್ನು ಕೆಡವಿಸಿದ್ದರಿಂದ ಈಗ ಕಾಣುವುದು ಅಳಿದುಳಿದ ಗೋಡೆಗಳಷ್ಟೇ.

ಇನ್ನು ಚರ್ಚು. ಊರವರೂ ‘ದುವೋಮೋ’ (ಇಟಾಲಿಯನ್‌ನಲ್ಲಿ ಸಾಮಾನ್ಯವಾಗಿ ಕೆಥೆಡ್ರಲ್‌ಗೆ ಬಳಸುವ ಪದ) ಎನ್ನುವುದರಿಂದ ಗೊಂದಲ ಸಹಜ. ಆದರೆ ಬಿಷಪ್ಪರ ಪೀಠವಿದ್ದರೆ ಮಾತ್ರ ಕೆಥೆಡ್ರಲ್. 1148ರಲ್ಲಿ ಪ್ರತಿಷ್ಠೆಗೊಂಡ ಇದು ಕೊಲೆಜಾತಾ, ಅಂದರೆ ಪಾದ್ರಿಗಳ ಮಂಡಳಿ ನಡೆಸುತ್ತಿದ್ದ ಚರ್ಚು. ಮುಂಭಾಗ ತೀರಾ ಬೋಳು. ಅಷ್ಟಕ್ಕೇ ಹಿಂತಿರುಗಬೇಡಿ, ಒಳಗಿನ ಗೋಡೆಗಳ ತುಂಬ ಬೈಬಲ್ ಕಥೆಗಳ ಭಿತ್ತಿಚಿತ್ರಗಳಿವೆ. ಇದರೊಳಗೇ ಇರುವ, ಊರಿನ ಸಂತ ಮಹಿಳೆ ಸಾಂತಾ ಫೀನಾಳ ಪುಟ್ಟ ಗುಡಿಯಲ್ಲಿ ಚಿತ್ರಕಾರ ಗಿರ್ಲಾಂಡಾಯೋ ಬರೆದವೂ ಇವೆ. ಸಂತ ಆಗಸ್ಟೀನನ ಬದುಕಿನ 17 ದೃಶ್ಯಗಳನ್ನು ಮಾತ್ರ ಇಲ್ಲಿ ಹುಡುಕಬೇಡಿ: ಬೆನೊಟ್ಸೊ ಗೊಟ್ಸೊಲಿಯ ಆ ಚಿತ್ರಗಳಿರುವುದು ಊರಿನ ಉತ್ತರ ತುದಿಯ ಸಾಂತಗೊಸ್ತೀನೊ ಚರ್ಚಿನಲ್ಲಿ.