"ನೀನು ಸಹಿ ಹಾಕದಿದ್ರೆ ಡೈವೋರ್ಸ್ ಆಗಲ್ಲ" ಅಂತ ದಯವಿಟ್ಟು ಯಾರಿಗೂ ಹೇಳಬೇಡಿ

ನಿನ್ನೆ ಪೂರ್ತಿ ಮಧ್ಯಾಹ್ನ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಕೌಂಟಿ ಕೋರ್ಟಿನ ಸೆಲ್ಫ್ ಹೆಲ್ಪ್ ಸೆಂಟರ್‌ನಲ್ಲಿ (ವಕೀಲರಿಲ್ಲದವರಿಗೆ ಫಾರ್ಮ್ ತುಂಬಲು ನೆರವಾಗುವ ಜಾಗ) ಕಳೆದು ಬಂದೆ. ನನಗಾಗಿ ಅಲ್ಲ, ಗೆಳತಿಯೊಬ್ಬಳಿಗಾಗಿ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ಕೆಲಸ, ಮಗುವಿನ ವಯಸ್ಸು ಯಾವುದನ್ನೂ ಹೇಳುವುದಿಲ್ಲ. ರಾತ್ರಿ ಮನೆಗೆ ಬಂದರೂ ಕೋಪ ಇಳಿಯಲಿಲ್ಲ, ಅದಕ್ಕೇ ಈ ಪೋಸ್ಟ್.

ಮಗುವನ್ನು ಸ್ಕೂಲಿನಿಂದ ಕರೆದುಕೊಂಡು ಬರುವಾಗ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಗುರುತಿಲ್ಲದ ಒಬ್ಬ ಇವಳ ಹೆಸರು ಕೇಳಿ ಒಂದು ದಪ್ಪ ಕವರ್ ಕೈಗಿಟ್ಟು ಹೋಗಿದ್ದ. ಒಳಗೆ ಗಂಡ ಹಾಕಿದ ಡೈವೋರ್ಸ್ ಅರ್ಜಿ ಮತ್ತು ಸಮನ್ಸ್. ಇವಳು ಮೊದಲ ಹಾಳೆ ನೋಡಿ, ವಾಪಸ್ ಮಡಚಿ, ಸೂಟ್‌ಕೇಸಿನಲ್ಲಿ ಧಾರೆ ಸೀರೆಯ ಕೆಳಗಿಟ್ಟಳು. ನನಗೆ ಫೋನ್ ಮಾಡಿದ್ದು ಇಪ್ಪತ್ತಾರನೇ ದಿನ.

ಇಪ್ಪತ್ತಾರು ದಿನ ಏನು ಮಾಡ್ತಿದ್ದೆ ಅಂದೆ. "ಎಲ್ಲರೂ ಸುಮ್ನಿರು ಅಂದ್ರು" ಅಂದಳು. ಅಮ್ಮ ಅಂದರು, ಮಾವನ ಕಡೆಯ ಹಿರಿಯರು ಅಂದರು, ಇಲ್ಲೇ ಹದಿನೈದು ವರ್ಷದಿಂದ ಇರುವ, ಎಲ್ಲರೂ ಗೌರವ ಕೊಡುವ ನಮ್ಮ ಕಡೆಯ ಒಬ್ಬ ಆಂಟಿಯೂ ಅಂದರು. ಎಲ್ಲರದ್ದೂ ಒಂದೇ ಮಾತು: "ನೀನು ಸಹಿ ಹಾಕದಿದ್ರೆ ಡೈವೋರ್ಸ್ ಆಗಲ್ಲ. ಅವನೇ ಸುಸ್ತಾಗಿ ವಾಪಸ್ ಬರ್ತಾನೆ."

ಇದು ಸುಳ್ಳು. ಕ್ಯಾಲಿಫೋರ್ನಿಯಾದಲ್ಲಿ ಇದು ಪೂರ್ತಿ ಸುಳ್ಳು.

ಈ ಮಾತು ಎಲ್ಲಿಂದ ಬಂತು ಅಂತ ಗೊತ್ತು. ನಮ್ಮಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಒಬ್ಬರೇ ಡೈವೋರ್ಸ್ ಕೇಳಿದರೆ ಕ್ರೌರ್ಯ, ಬಿಟ್ಟುಹೋಗಿದ್ದು ಹೀಗೆ ಏನಾದರೂ ಕಾರಣ ಸಾಬೀತು ಮಾಡಬೇಕು. ಅದಿಲ್ಲದಿದ್ದರೆ ಇಬ್ಬರೂ ಒಪ್ಪಿ ಅರ್ಜಿ ಹಾಕಬೇಕು. ಬೆಂಗಳೂರಿನ ಫ್ಯಾಮಿಲಿ ಕೋರ್ಟಿಗೆ ವರ್ಷಗಟ್ಟಲೆ ಅಲೆದವರನ್ನು ನೋಡಿದವರಿಗೆ "ಒಪ್ಪದಿದ್ರೆ ಆಗಲ್ಲ" ಅನ್ನುವುದು ಅನುಭವದ ಮಾತೇ. ಆದರೆ ಆ ಅನುಭವವನ್ನು ಫೋನಿನಲ್ಲಿ ಇಲ್ಲಿಗೆ ಕಳಿಸಬೇಡಿ. ಇಲ್ಲಿನ ಕೋರ್ಟಿಗೆ ಅದು ಗೊತ್ತಿಲ್ಲ.

ಅಮೆರಿಕದಲ್ಲಿ ಡೈವೋರ್ಸ್ ಕಾನೂನು ದೇಶದ್ದಲ್ಲ, ಆಯಾ ರಾಜ್ಯದ್ದು. ಯಾರ ತಪ್ಪು ಅಂತ ತೋರಿಸದೆಯೇ ಬೇರೆಯಾಗಬಹುದು ಅನ್ನುವ ಕಾನೂನನ್ನು ಮೊದಲು ತಂದಿದ್ದು ಕ್ಯಾಲಿಫೋರ್ನಿಯಾ. ರೊನಾಲ್ಡ್ ರೇಗನ್ ಗವರ್ನರ್ ಆಗಿದ್ದಾಗ 1969ರಲ್ಲಿ ಸಹಿ ಹಾಕಿದರು, 1970ರಿಂದ ಜಾರಿಗೆ ಬಂತು. ಕೊನೆಯದಾಗಿ 2010ರಲ್ಲಿ ನ್ಯೂಯಾರ್ಕ್ ಕೂಡ ಒಪ್ಪಿತು. ಇಲ್ಲಿ "ನಮಗೆ ಹೊಂದಿಕೆ ಆಗುವುದಿಲ್ಲ" ಅಂತ ಒಬ್ಬರು ಹೇಳಿದರೆ ಸಾಕು. ಇನ್ನೊಬ್ಬರು ಒಪ್ಪಲೇಬೇಕು ಅಂತಿಲ್ಲ, ಸಹಿಯೂ ಬೇಕಿಲ್ಲ.

ಹಾಗಾದರೆ ಸುಮ್ಮನಿದ್ದರೆ ಏನಾಗುತ್ತೆ? ಸಮನ್ಸ್ ಕೈಗೆ ಬಂದ ದಿನದಿಂದ 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಗಂಡ ಇನ್ನೊಂದು ಫಾರ್ಮ್ ಹಾಕಿ "ಇವಳು ಬರಲಿಲ್ಲ, ಡಿಫಾಲ್ಟ್ ಕೊಡಿ" ಅಂತ ಕೇಳಬಹುದು. ಆಮೇಲೆ ಮಗು ಯಾರ ಹತ್ತಿರ, ಮನೆ ಯಾರಿಗೆ, ತಿಂಗಳಿಗೆ ಎಷ್ಟು ದುಡ್ಡು ಅನ್ನುವುದೆಲ್ಲ ಇವಳ ಮಾತಿಲ್ಲದೆ ತೀರ್ಮಾನ ಆಗಬಹುದು.

ಗೆಳತಿಗೆ ಇನ್ನೊಂದು ಗೊಂದಲ ಇತ್ತು. "ಆರು ತಿಂಗಳು ಟೈಮ್ ಇದೆಯಲ್ವಾ?" ಅಂದಳು. ಅದು ಬೇರೆ. ಸಮನ್ಸ್ ತಲುಪಿ ಆರು ತಿಂಗಳಾಗುವ ತನಕ ಮದುವೆ ಮುರಿಯುವ ಹಾಗಿಲ್ಲ, ಅಷ್ಟೇ. ಉತ್ತರ ಕೊಡಲು ಇರುವುದು 30 ದಿನ. ನಮ್ಮ ಊರಿನಲ್ಲಿ ಇಬ್ಬರೂ ಒಪ್ಪಿ ಅರ್ಜಿ ಹಾಕಿದ ಮೇಲೆ ಕಾಯುವ ಆರು ತಿಂಗಳ ಲೆಕ್ಕವನ್ನೂ ಇದನ್ನೂ ಯಾರೋ ಅವಳ ತಲೆಯಲ್ಲಿ ಕಲಸಿಬಿಟ್ಟಿದ್ದರು.

ಇನ್ನೊಂದು ಮಾತು ಕೇಳಿ ನನಗೆ ನಿಜವಾಗಿ ಹೆದರಿಕೆ ಆಯಿತು. ಅವಳ ಅಮ್ಮ ಪಾಪ ಅಳುತ್ತಾ, "ಮಗೂನ ಕರ್ಕೊಂಡು ಬಂದ್ಬಿಡು, ಟಿಕೆಟ್ ನಾವು ಮಾಡಿಸ್ತೀವಿ" ಅಂದಿದ್ದರಂತೆ. ಅವಳು ಬಟ್ಟೆ ಜೋಡಿಸಲೂ ಶುರು ಮಾಡಿದ್ದಳು. ಸಮನ್ಸಿನ ಎರಡನೇ ಪುಟ ತಿರುಗಿಸಿ ತೋರಿಸಿದೆ. ಸಣ್ಣ ಅಕ್ಷರದಲ್ಲಿ ಇದೆ: ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ಕೋರ್ಟಿನ ಆದೇಶ ಇಲ್ಲದೆ ಮಗುವನ್ನು ರಾಜ್ಯದ ಹೊರಗೆ ಕರೆದೊಯ್ಯುವ ಹಾಗಿಲ್ಲ. ಇನ್ಶೂರೆನ್ಸ್ ರದ್ದು ಮಾಡುವ ಹಾಗಿಲ್ಲ, ಆಸ್ತಿ ಕೈಬದಲಾಯಿಸುವ ಹಾಗಿಲ್ಲ. ಈ ಕಟ್ಟುಪಾಡು ಗಂಡನಿಗೂ ಇದೆ, ಹೆಂಡತಿಗೂ ಇದೆ. ಅವಳು ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. "ವಿಮಾನ ಹತ್ತಿದ್ರೆ ನಾನೇ ತಪ್ಪಿತಸ್ಥೆ ಆಗ್ತಿದ್ದೆ ಅಲ್ವಾ?" ಅಂದಳು. ಅಮ್ಮನ ಪ್ರೀತಿಯ ಸಲಹೆ ಅದು. ಕೇಳಿದ್ದರೆ ಮಗುವೇ ಕೈತಪ್ಪುವ ಅಪಾಯ ಇತ್ತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಾನೂ ಈ ತಪ್ಪು ಮಾಡಿದವಳೇ. ಕೆಲವು ವರ್ಷದ ಹಿಂದೆ ಟೆಕ್ಸಸ್‌ನಲ್ಲಿದ್ದ ನನ್ನ ಚಿಕ್ಕಮ್ಮನ ಮಗಳು ಇಂಥದೇ ಕಾಗದ ಹಿಡಿದು ಫೋನ್ ಮಾಡಿದ್ದಳು. "ಈಗಲೇ ಉತ್ತರ ಕೊಟ್ಟರೆ ಜಗಳ ಜಾಸ್ತಿ ಆಗುತ್ತೆ, ಸ್ವಲ್ಪ ದಿನ ಸುಮ್ನಿರು" ಅಂದಿದ್ದೆ. ಟೆಕ್ಸಸ್‌ನಲ್ಲಿ 30 ದಿನವೂ ಇಲ್ಲ. ಸಮನ್ಸ್ ತಲುಪಿ 20 ದಿನ ಕಳೆದ ಮೇಲೆ ಬರುವ ಸೋಮವಾರ ಬೆಳಿಗ್ಗೆ 10 ಗಂಟೆ, ಅಷ್ಟರೊಳಗೆ ಉತ್ತರ ಹೋಗಬೇಕು. ಅರ್ಜಿ ಹಾಕಿ 60 ದಿನ ಆದ ಮೇಲೆ ಸಾಮಾನ್ಯವಾಗಿ ತೀರ್ಪು ಕೊಡಬಹುದು. ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅಕ್ಕನ ಸ್ಥಾನದಲ್ಲಿ ನಿಂತು ಬುದ್ಧಿ ಹೇಳಿದೆ. ಗಂಡ ಒಬ್ಬನೇ ಹೋಗಿ ಹೇಳಿಕೆ ಕೊಟ್ಟ. ಅವನು ಕೇಳಿದ ಹಾಗೇ ಆಯಿತು. ಅವಳು ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಲ್ಲಿನ ಡೈವೋರ್ಸ್ ಇಂಡಿಯಾದಲ್ಲಿ ನಡೆಯಲ್ಲ, ಅದಕ್ಕೇ ತಲೆ ಕೆಡಿಸ್ಕೋಬಾರದು" ಅಂತ ಕೆಲವರು ಬರುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ತಿರುಪತಿಯಲ್ಲಿ ಮದುವೆಯಾಗಿದ್ದ ಒಂದು ಜೋಡಿಯ ಕೇಸಿನಲ್ಲಿ ಗಂಡ ಮಿಸೌರಿಯಿಂದ ತಂದ ಡೈವೋರ್ಸನ್ನು ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಆದರೆ ಅಲ್ಲಿ ಮಾನ್ಯ ಆಗದಿದ್ದ ಮಾತ್ರಕ್ಕೆ ಇಲ್ಲಿನ ಆದೇಶ ಸುಮ್ಮನಿರುತ್ತದೆಯೇ? ಮಗುವಿನ ಸ್ಕೂಲು ಇಲ್ಲಿದೆ, ಬ್ಯಾಂಕ್ ಖಾತೆ ಇಲ್ಲಿದೆ, ಮನೆ ಇಲ್ಲಿದೆ. ಅವು ಮೂರಕ್ಕೂ ಇಲ್ಲಿನ ಜಡ್ಜ್ ಹೇಳಿದ್ದೇ ಕೊನೆ. "ಈ ಕೋರ್ಟಿಗೆ ನನ್ನ ಮೇಲೆ ಅಧಿಕಾರ ಇಲ್ಲ" ಅಂತ ತಕರಾರು ಮಾಡಬೇಕು ಅಂದರೂ ಅದನ್ನೂ ಆ 30 ದಿನದೊಳಗೇ ಬರೆದು ಕೊಡಬೇಕು. ಸುಮ್ಮನಿರುವುದು ತಕರಾರು ಅಲ್ಲ. ಇಂಡಿಯಾದಲ್ಲಿ ಮುಂದೆ ಏನು ಅನ್ನುವುದನ್ನು ಅಲ್ಲಿನ ವಕೀಲರ ಹತ್ತಿರ ಅದೇ ವಾರ ಕೇಳಿ. ಮೊದಲು ಕವರ್ ಬಿಚ್ಚಿ.

ಗೆಳತಿ ಎಚ್-4 ವೀಸಾದಲ್ಲಿದ್ದಾಳೆ, ಅಂದರೆ ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾ. ಅರ್ಜಿ ಹಾಕಿದ ದಿನವೇ ವೀಸಾ ಹೋಯಿತು ಅಂತ ಯಾರೋ ಹೆದರಿಸಿದ್ದರು. ಹಾಗಲ್ಲ. ಡೈವೋರ್ಸ್ ಅಂತಿಮ ಆಗುವ ತನಕ ಅವಳು ಹೆಂಡತಿಯೇ. ಆ ತಿಂಗಳುಗಳಲ್ಲಿ ಇಮಿಗ್ರೇಷನ್ ವಕೀಲರನ್ನು ನೋಡಿ ದಾರಿ ಹುಡುಕಬಹುದು. ಸಂಬಳ ಇಲ್ಲದವಳಿಗೆ ಏನೂ ಸಿಗಲ್ಲ ಅನ್ನುವುದೂ ತಪ್ಪು. ಮದುವೆಯಾದ ಮೇಲೆ ದುಡಿದದ್ದು ಇಬ್ಬರದ್ದೂ ಸಮ ಅನ್ನುವ ನಿಯಮ ಇರುವ ಒಂಬತ್ತು ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾ ಒಂದು. ಅವನ ಹೆಸರಿನಲ್ಲಿರುವ 401ಕೆ ಅನ್ನುವ ನಿವೃತ್ತಿ ಉಳಿತಾಯ ಖಾತೆಯಲ್ಲೂ ಆ ವರ್ಷಗಳ ಪಾಲು ಅವಳಿಗಿದೆ. ಇದನ್ನು ಕೇಳಿದಾಗ ಅವಳು ನಂಬಲೇ ಇಲ್ಲ. "ನಾನು ಒಂದು ಡಾಲರ್ ದುಡಿದಿಲ್ಲ ಕಣೇ" ಅಂದಳು. ಅಡುಗೆ, ಮಗು, ಮೂರು ಸಲ ಮನೆ ಬದಲಾಯಿಸಿದ್ದು, ಅವನ ಅಪ್ಪನ ಆಪರೇಷನ್‌ಗೆ ನಾಲ್ಕು ತಿಂಗಳು ಊರಿಗೆ ಹೋಗಿ ನೋಡಿಕೊಂಡಿದ್ದು ಯಾವುದನ್ನೂ ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸೆಲ್ಫ್ ಹೆಲ್ಪ್ ಸೆಂಟರ್‌ನಲ್ಲಿದ್ದ ಹೆಂಗಸು ತುಂಬಾ ತಾಳ್ಮೆಯಿಂದ ಉತ್ತರ ಕೊಡುವ ಎಫ್‌ಎಲ್-120 ಫಾರ್ಮಿನ ಒಂದೊಂದು ಚೌಕ ತೋರಿಸಿ ಅರ್ಥ ಹೇಳಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಉತ್ತರ ಸಲ್ಲಿಸುವ ಫೀಸು 435ರಿಂದ 450 ಡಾಲರ್, ಅದನ್ನೂ ಕಟ್ಟಲಾಗದವರು ಮನ್ನಾ ಕೇಳುವ ಫಾರ್ಮ್ ಇದೆ. ಗೆಳತಿ ಅದನ್ನೂ ತುಂಬಿದಳು. ಮಗುವಿನ ಹೆಸರು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ, ಆಮೇಲೆ ಬರೆದಳು.

ಉತ್ತರದ ಪ್ರತಿಯನ್ನು ಗಂಡನ ವಕೀಲರಿಗೆ ಕಳಿಸಬೇಕು. ಅದನ್ನು ಅವಳೇ ಪೋಸ್ಟ್ ಮಾಡುವ ಹಾಗಿಲ್ಲ. ಕೇಸಿನಲ್ಲಿ ಇಲ್ಲದ, 18 ತುಂಬಿದ ಬೇರೆ ಯಾರಾದರೂ ಕಳಿಸಿ, ಕಳಿಸಿದ್ದೇನೆ ಅಂತ ಸಹಿ ಹಾಕಬೇಕು. ನಾನು ಹಾಕ್ತೀನಿ ಅಂದೆ.

"ನಿನ್ನ ಹೆಸರು ಕೋರ್ಟ್ ಪೇಪರ್‌ನಲ್ಲಿ ಇರುತ್ತೆ. ಆಂಟಿಗೆಲ್ಲ ಗೊತ್ತಾಗುತ್ತೆ" ಅಂದಳು.

ಗೊತ್ತಾಗಲಿ ಅಂದೆ. ಇಬ್ಬರೂ ನಡೆದುಕೊಂಡೇ ಪೋಸ್ಟ್ ಆಫೀಸಿಗೆ ಹೋದೆವು.