ಅಕ್ಕಿ ಹಂಚೋರು ಸಿಗ್ತಾರೆ, ಹಿಂದೆ ಬೀಳೋರು ಸಿಗಲ್ಲ

ಮಣಿಪುರಕ್ಕೆ ಹಳೇ ಬಟ್ಟೆ ಕಳಿಸಬೇಕು, ಅಡ್ರೆಸ್ ಕೊಡಿ ಅಂತ ಮೆಸೇಜ್ ಮಾಡುವವರಿಗೆಲ್ಲ ಒಂದೇ ಸಲ ಇಲ್ಲೇ ಹೇಳಿಬಿಡುತ್ತೇನೆ. ಬೇಡ. ಒಳ್ಳೆ ಮನಸ್ಸಿನಿಂದಲೇ ಕೇಳುತ್ತೀರಿ, ಗೊತ್ತು. ಆದರೆ ನಾನು ಕೆಲಸ ಮಾಡುವ, ಗಲಭೆಯಲ್ಲಿ ಮನೆ ಬಿಟ್ಟು ಬಂದವರ ಒಂದು ಕ್ಯಾಂಪಿನಲ್ಲಿ ಸ್ಟೇಜಿನ ಹಿಂದೆ ಇನ್ನೂ ಬಿಚ್ಚದ ಬಟ್ಟೆ ಗಂಟುಗಳು ಬಿದ್ದಿವೆ. ಬಿಚ್ಚಿದ ಒಂದರಲ್ಲಿ ಯಾರದೋ ಮದುವೆಯ ಶೇರ್ವಾನಿ ಇತ್ತು, ಜರಿ ಸಮೇತ. ಇಲ್ಲಿ ಕೊರತೆ ಇರುವುದು ಬೇರೆಯದಕ್ಕೆ.

ನನ್ನ ಕೆಲಸದ ಹೆಸರು ಕೇಸ್ ವರ್ಕರ್. ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ ನಾಲ್ಕಾರು ಕಡೆ ಸುತ್ತಿ ಇಲ್ಲಿಗೆ ಬಂದವಳು. ಊರಿಗೆ ಹೋದಾಗ ಅವ್ವ ಕೇಳಿದಳು, "ಅಲ್ಲೇನ್ ಮಾಡ್ತೀಯವ್ವ, ರೇಷನ್ ಹಂಚ್ತೀಯೇನು?" ಇಲ್ಲವ್ವ, ಒಬ್ಬೊಬ್ಬರ ಹತ್ತಿರ ಕೂತು ಏನು ಕಳಕೊಂಡಿದ್ದಾರೆ, ಏನು ಬೇಕು ಅಂತ ಬರೆದುಕೊಳ್ಳುತ್ತೇನೆ ಅಂದೆ. "ಅಷ್ಟ ಏನು, ಬರಕೊಳ್ಳೋದು?" ಅಂದಳು. ಬರೆದುಕೊಂಡು ಆಮೇಲೆ ಅದರ ಹಿಂದೆ ಬೀಳೋದು ಅಂದೆ. ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ದರು, "ಅಂದ್ರ ಏಜೆಂಟ್ ಕೆಲಸ ಅನ್ನು" ಅಂತ ನಕ್ಕರು. ನನಗೇನೂ ಬೇಜಾರಾಗಲಿಲ್ಲ. ಕಮಿಷನ್ ಇಲ್ಲದ ಏಜೆಂಟ್, ನಿಜವೇ.

ಗೊತ್ತಿಲ್ಲದವರಿಗೆ ಎರಡು ಮಾತು. ಮಣಿಪುರದ ಕಣಿವೆಯಲ್ಲಿ ಹೆಚ್ಚಾಗಿರುವ ಮೈತೇಯಿಗಳು ಮತ್ತು ಬೆಟ್ಟದ ಬುಡಕಟ್ಟಿನ ಕುಕಿಗಳ ನಡುವಿನ ಗಲಭೆ 2023ರ ಮೇ 3ರಂದು ಶುರುವಾಯಿತು. ಮೈತೇಯಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬಾರದು ಅಂತ ಬೆಟ್ಟದ ಜಿಲ್ಲೆಗಳಲ್ಲಿ ಮೆರವಣಿಗೆ ನಡೆದ ದಿನವೇ ಬೆಟ್ಟದ ಕಡೆಯ ಚುರಾಚಾಂದ್‌ಪುರದಲ್ಲಿ ಗಲಾಟೆ ಹತ್ತಿಕೊಂಡಿತು, ಅಲ್ಲಿಂದ ಕಣಿವೆಯಲ್ಲಿರುವ ರಾಜಧಾನಿ ಇಂಫಾಲ್‌ಗೂ ಹಬ್ಬಿತು. 250ಕ್ಕೂ ಜಾಸ್ತಿ ಜನ ಸತ್ತರು, ಸುಮಾರು 60 ಸಾವಿರ ಜನ ಮನೆ ಬಿಟ್ಟರು. ಕಣಿವೆಯಲ್ಲಿದ್ದ ಕುಕಿಗಳು ಬೆಟ್ಟಕ್ಕೆ ಓಡಿದರು, ಬೆಟ್ಟದ ಕಡೆ ಇದ್ದ ಮೈತೇಯಿಗಳು ಕಣಿವೆಗೆ. ಇಂಫಾಲ್‌ನಿಂದ ಚುರಾಚಾಂದ್‌ಪುರ 60 ಕಿಲೋಮೀಟರ್ ಆಜುಬಾಜು, ನಮ್ಮ ಕಡೆ ಅಷ್ಟು ದೂರಕ್ಕೆ ದಿನಾ ಬಸ್ಸಲ್ಲಿ ಕೆಲಸಕ್ಕೆ ಹೋಗಿ ಬರುವವರಿದ್ದಾರೆ. ಆದರೆ ಆ ರಸ್ತೆಯಲ್ಲಿ ಮಧ್ಯೆ ಬಫರ್ ಝೋನ್, ಅಂದರೆ ಎರಡೂ ಕಡೆಯವರನ್ನು ದೂರ ಇಡೋಕೆ ಭದ್ರತಾ ಪಡೆಯವರು ಕಾಯುವ ಜಾಗ. ಕುಕಿ ಈಚೆಗೆ ಬರುವಂತಿಲ್ಲ, ಮೈತೇಯಿ ಆಚೆಗೆ ಹೋಗುವಂತಿಲ್ಲ. ದೊಡ್ಡ ಆಸ್ಪತ್ರೆಗಳು, ವಿಮಾನ ನಿಲ್ದಾಣ, ಸೆಕ್ರೆಟರಿಯೇಟ್ ಎಲ್ಲ ಇಂಫಾಲ್‌ನಲ್ಲಿ. ಹಾಗಾಗಿ ಚುರಾಚಾಂದ್‌ಪುರದಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ ಅಂದರೆ ಪಕ್ಕದ ಮಿಜೋರಾಮಿನ ಐಜಾಲ್‌ಗೆ ಬೆಟ್ಟದ ರಸ್ತೆಯಲ್ಲಿ ಇಡೀ ದಿನ ಗಾಡಿಯಲ್ಲಿ ಕೂರಬೇಕು.

ನಾನು ಮಾತ್ರ ಎರಡೂ ಕಡೆ ಹೋಗಬಹುದು. ಕಣಿವೆಯವರಿಗೆ ನಾನು ಮಯಾಂಗ್, ಬೆಟ್ಟದವರಿಗೆ ವಾಯ್, ಎರಡೂ ಕಡೆ ಹೊರಗಿನವಳು. ಬೇರೆ ಊರಲ್ಲಾಗಿದ್ದರೆ ಇದು ತೊಂದರೆ, ಇಲ್ಲಿ ಇದೇ ನನ್ನ ಪಾಸ್. ಗಾಡಿ ಓಡಿಸುವವರು ಪಾಂಗಲ್, ಅಂದರೆ ಮಣಿಪುರಿ ಮುಸ್ಲಿಮರು. ಅವರು ಯಾವ ಕಡೆಗೂ ಸೇರದವರಾದ್ದರಿಂದ ಆ ರಸ್ತೆಯ ಸಾಗಾಟದಲ್ಲಿ ಹೆಚ್ಚಿನದೆಲ್ಲ ಅವರ ಕೈಲೇ ನಡೆಯುತ್ತಿದೆ. ಔಷಧಿ, ಫೈಲು, ಮನುಷ್ಯರು ಎಲ್ಲಾ. ನಮ್ಮ ಡ್ರೈವರ್ ಅಣ್ಣ ಚೆಕ್‌ಪೋಸ್ಟ್ ಬರುವ ಮೊದಲೇ ಹಾಡು ಆಫ್ ಮಾಡಿ ಕಿಟಕಿ ಇಳಿಸುತ್ತಾರೆ, ಆಧಾರ್ ಕಾರ್ಡು ಡ್ಯಾಶ್‌ಬೋರ್ಡ್ ಮೇಲೆ ರೆಡಿ. ಒಂದು ಕಡೆ ಪಡೆಯವರು ನೋಡುತ್ತಾರೆ, ಸ್ವಲ್ಪ ಮುಂದೆ ಹೋದರೆ ಊರಿನವರು. ಹೆಸರು ನೋಡಿ, ಮುಖ ನೋಡಿ, ಮತ್ತೆ ಹೆಸರು ನೋಡಿ ಬಿಡುತ್ತಾರೆ. ಒಬ್ಬ ಹುಡುಗ ನನ್ನ ಕಾರ್ಡಿನ ಕನ್ನಡ ಅಕ್ಷರ ತೋರಿಸಿ "ಇದು ತೆಲುಗಾ?" ಅಂದ. ಅಲ್ಲೂ ಕನ್ನಡ ಅಂತ ಒತ್ತಿ ಹೇಳಿ ಬಂದೆ ಅನ್ನಿ.

ಈಗ ಹಿಂದೆ ಬೀಳೋದು ಅಂದರೇನು ಅಂತ ಒಂದು ಕೇಸಿನಲ್ಲಿ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಒಬ್ಬ ಅಜ್ಜಿ. ಎಲ್ಲರೂ ಇಮಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮನೆ ಸುಟ್ಟಾಗ ಆಧಾರ್, ಪಾಸ್‌ಬುಕ್ ಎಲ್ಲ ಹೋಯಿತು. ಊಟ ಕ್ಯಾಂಪಿನಲ್ಲಿ ಸಿಗುತ್ತದೆ, ಹಾಸಿಗೆ ಇದೆ, ಹಂಚುವವರ ಲೆಕ್ಕದಲ್ಲಿ ಇಮಾ ಕೆಲಸ ಮುಗಿದಿದೆ. ಆದರೆ ವೃದ್ಧಾಪ್ಯ ಪಿಂಚಣಿ ನಿಂತಿದೆ. ಪಿಂಚಣಿಗೆ ಆಧಾರ್ ನಂಬರ್ ಬೇಕು, ನಂಬರ್ ನೆನಪಿಲ್ಲ. ಫೋನಿಗೆ ಓಟಿಪಿ ತರಿಸೋಣ ಅಂದರೆ ಜೋಡಿಸಿದ್ದ ಸಿಮ್ ಮಗನದು, ಫೋನ್ ಸಮೇತ ಹೋಗಿದೆ. ಅದೇ ಸಿಮ್ ಮತ್ತೆ ತಗೊಳ್ಳೋಣ ಅಂದರೆ ಅಂಗಡಿಯವನು ಆಧಾರ್ ಕೇಳುತ್ತಾನೆ. ಬೆರಳಚ್ಚು ಕೊಡೋಣ ಅಂದರೆ ಜೀವನಪೂರ್ತಿ ಗದ್ದೆಯಲ್ಲಿ ದುಡಿದ ಕೈ, ಬೆರಳಲ್ಲಿ ಗೆರೆಯೇ ಉಳಿದಿಲ್ಲ. ಕ್ಯಾಂಪಿಗೆ ಚಿಕ್ಕ ಮಷೀನ್ ತರುವ ಹುಡುಗ ಹತ್ತು ಬೆರಳೂ ಒತ್ತಿಸಿ ಒತ್ತಿಸಿ ಸೋತ. ಉಳಿದದ್ದು ಕಣ್ಣು. ಅದಕ್ಕೆ ಸೆಂಟರಿಗೇ ಹೋಗಬೇಕು. ಹೋದರೆ ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಕರೆಂಟ್ ಇಲ್ಲ, ಇನ್ನೊಮ್ಮೆ ಹೊರಡುವ ಹೊತ್ತಿಗೆ ಬಂದ್ ಅಂತ ಸುದ್ದಿ. ಕೊನೆಗೆ ಕೂರಿಸಿದಾಗ ಆಪರೇಟರ್ ಕಣ್ಣು ಮಿಟುಕಿಸಬೇಡಿ ಅಂದದ್ದಕ್ಕೆ ಇಮಾ ಎರಡು ಬೆರಳಿಂದ ರೆಪ್ಪೆ ಅಗಲಿಸಿ ಹಿಡಿದುಕೊಂಡರು, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಳ್ಳುವವರ ಹಾಗೆ. ಮಷೀನ್ ಕುಂಯ್ ಅಂತು. ನಂಬರ್ ಸಿಕ್ಕಿತು. ಆಮೇಲೆ ಬ್ಯಾಂಕು, ಆಮೇಲೆ ಸಮಾಜ ಕಲ್ಯಾಣದ ಆಫೀಸು, ಅದು ಬೇರೆಯೇ ಪುರಾಣ.

ಕಾಗದ ಸುಟ್ಟುಹೋದವರಿಗೆ ಪರಿಶೀಲಿಸಿ ಆಧಾರ್ ಕೊಡಿ ಅಂತ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಪರಿಹಾರ, ಪುನರ್ವಸತಿ ನೋಡಿಕೊಳ್ಳೋಕೆ ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಜೊತೆ ಇನ್ನಿಬ್ಬರು ನಿವೃತ್ತ ಮಹಿಳಾ ನ್ಯಾಯಮೂರ್ತಿಗಳ ಸಮಿತಿಯನ್ನೂ ಮಾಡಿತು. ಅದರಿಂದ ನಮಗೆ ನಿಜವಾಗಿ ಸಹಾಯ ಆಗಿದೆ, ಆಫೀಸಿನಲ್ಲಿ ಆದೇಶದ ಜೆರಾಕ್ಸ್ ತೋರಿಸಿದರೆ ಕುರ್ಚಿ ಕೊಡುತ್ತಾರೆ. ಆದರೆ ದೆಹಲಿಯ ಆದೇಶ ಇಮಾನ ಬೆರಳಿನ ತನಕ ತಾನಾಗೇ ನಡೆದು ಬರುವುದಿಲ್ಲ, ಯಾರೋ ಒಬ್ಬರು ಜೊತೆಗೆ ಹೋಗಿ ಕ್ಯೂನಲ್ಲಿ ನಿಲ್ಲಬೇಕು. ನಾನು ಹೇಳುವ ಕೊರತೆ ಇದು. ನಿಲ್ಲುವ ಮನುಷ್ಯರದ್ದು.

ಯಾಕೆ ಕೊರತೆ ಅಂದರೆ ಅದಕ್ಕೆ ದುಡ್ಡು ಬರಲ್ಲ. ಕಂಬಳಿಗೆ ಬರುತ್ತದೆ, ಬಕೆಟ್ಟಿಗೆ ಬರುತ್ತದೆ, ಲೋಗೋ ಇರುವ ಚೀಲಕ್ಕಂತೂ ಖಂಡಿತಾ ಬರುತ್ತದೆ. ಸಾವಿರ ಕಿಟ್ ಕೊಟ್ಟೆವು ಅಂತ ಬರೆಯೋಕೆ ವರದಿಯಲ್ಲಿ ಕಾಲಂ ಇದೆ. ಇಡೀ ತಿಂಗಳು ಓಡಾಡಿ ಒಬ್ಬರ ಪಿಂಚಣಿ ಬಿಡಿಸಿದ್ದಕ್ಕೆ "ಒಂದು" ಅಂತ ಬರೆದರೆ ಮೇಲಿನವರು ಫೋನ್ ಮಾಡಿ, ಏನು ಮೇಡಂ ಈ ತಿಂಗಳು ಕಮ್ಮಿ ಅನ್ನುತ್ತಾರೆ. ಪ್ರಾಜೆಕ್ಟ್ ಆರು ತಿಂಗಳದ್ದು, ಜನರ ತಾಪತ್ರಯ ಆರು ವರ್ಷದ್ದು. ಮಕ್ಕಳ ರಕ್ಷಣೆಯ ಕೆಲಸದಲ್ಲಿ ಒಬ್ಬ ಕೇಸ್ ವರ್ಕರ್ ಕೈಲಿ 25 ಕೇಸಿಗಿಂತ ಜಾಸ್ತಿ ಇರಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ನಾನು ಕೆಲಸ ಮಾಡಿದ ಯಾವ ಕಡೆಯೂ ಅದನ್ನು ಪಾಲಿಸಿದ್ದು ನೋಡಿಲ್ಲ. ಫೈಲು ಜಾಸ್ತಿಯಾದಾಗ ಏನಾಗುತ್ತದೆ ಗೊತ್ತಾ, ಜೋರಾಗಿ ಕೇಳುವವರ ಕೆಲಸ ಆಗುತ್ತದೆ, ಸುಮ್ನೆ ಮೂಲೆಯಲ್ಲಿ ಕೂತವರದ್ದು ಆಗಲ್ಲ. ಆ ಸುಮ್ನೆ ಕೂತವರಿಗಾಗಿಯೇ ಅಲ್ವಾ ಈ ಕೆಲಸ ಇರೋದು?

ಇನ್ನೊಂದು ಕೇಸು. ಗಂಡ ಕಾಣೆಯಾಗಿರುವ ಹೆಂಗಸು. ಯಾವ ಕಡೆಯವರು ಅಂತ ಹೇಳಲ್ಲ, ಎರಡೂ ಕಡೆ ಇಂಥವರಿದ್ದಾರೆ. ಸತ್ತವರ ಮನೆಗೆ ಹತ್ತು ಲಕ್ಷ ಅಂತ ಸರ್ಕಾರ ಹೇಳಿತ್ತು. ಕಾಣೆಯಾದವರನ್ನು ಸತ್ತವರು ಅಂತ ಕಾನೂನು ಊಹಿಸಬೇಕಾದರೆ ಸಾಮಾನ್ಯವಾಗಿ 7 ವರ್ಷ ಸುದ್ದಿ ಇರಬಾರದು. ಅಲ್ಲಿಯ ತನಕ ಗಂಡನ ಖಾತೆ ಮುಟ್ಟುವಂತಿಲ್ಲ, ಬೈಕಿನ ಸಾಲದ ನೋಟಿಸ್ ಮಾತ್ರ ತಪ್ಪದೆ ಬರುತ್ತದೆ. ಮಗಳ ಸ್ಕೂಲ್ ಫಾರಂ ತುಂಬುವಾಗ ತಂದೆಯ ಹೆಸರಿನ ಮುಂದೆ ದಿವಂಗತ ಅಂತ ಬರೆದರೆ ಫೀಸ್ ಕಡಿಮೆ ಆಗುತ್ತದೆ ಅಂತ ಕ್ಲರ್ಕ್ ಒಳ್ಳೆಯದಕ್ಕೇ ಹೇಳಿದರು. ಈಕೆ ಪೆನ್ ಕೆಳಗಿಟ್ಟು ಎದ್ದು ಬಂದರು. ನಾನು ಒತ್ತಾಯ ಮಾಡಲಿಲ್ಲ. ಬರೆಯೋದು ಬಿಡೋದು ಅವರಿಗೆ ಬಿಟ್ಟದ್ದು, ನನ್ನ ಕೆಲಸ ಬೇರೆ ದಾರಿಯಲ್ಲಿ ಫೀಸ್ ಕಡಿಮೆ ಮಾಡಿಸುವುದು. ಹೆಡ್ ಮಿಸ್ ಜೊತೆ ಮಾತಾಡಿ ಅದಾಯಿತು. ಬೈಕಿನ ಸಾಲ ಇನ್ನೂ ಆಗಿಲ್ಲ.

ಈಕೆಯ ಹತ್ತಿರ ಬರುವ ಎಲ್ಲರೂ "ಆ ದಿನ ಏನಾಯ್ತು" ಅಂತಲೇ ಶುರು ಮಾಡುತ್ತಾರೆ. ಪತ್ರಕರ್ತರು, ಸಂಶೋಧನೆ ಮಾಡುವವರು, ಸಮಿತಿಯವರು, ನಮ್ಮಂಥ ಸಂಸ್ಥೆಯವರು. ಹೇಳಿದ್ದನ್ನೇ ಹೇಳಿ ಆಕೆಗೆ ಈಗ ಅದು ಬಾಯಿಪಾಠ ಆಗಿದೆ, ಎಲ್ಲಿ ನಿಲ್ಲಿಸಿದರೆ ಎದುರಿನವರು ನೀರು ಕುಡಿಯುತ್ತಾರೆ ಅಂತಲೂ ಗೊತ್ತು. ಫೈಲು ಅಂತ ಒಂದು ಇದ್ದರೆ ಮತ್ತೆ ಮತ್ತೆ ಕೇಳಬೇಕಿಲ್ಲ. ಹಿಂದಿನ ಸಲ ಎಲ್ಲಿಗೆ ಬಂದಿತ್ತು, ಬ್ಯಾಂಕಿನವರು ಏನಂದರು, ಅಲ್ಲಿಂದ ಮುಂದಕ್ಕೆ ಮಾತು. ನನಗೆ ಈ ಕಾಗದದ ಕೆಲಸದ ಮೇಲೆ ಗೌರವ ಬಂದದ್ದು ಇಂಥವರನ್ನು ನೋಡಿಯೇ.

ಅಂದಹಾಗೆ, ಗುಟ್ಟಾಗಿ ಮಾತಾಡೋಕೆ ಕ್ಯಾಂಪಿನಲ್ಲಿ ಜಾಗ ಎಲ್ಲಿದೆ? ಕಾಲೇಜಿನ ಹಾಲ್‌ನಲ್ಲಿ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟರೆ ಅದೇ ಗೋಡೆ, ಈಚೆ ಕೆಮ್ಮಿದರೆ ಆಚೆ ಕೇಳುತ್ತದೆ. ಹೆಂಗಸರು ಮನೆಯೊಳಗಿನ ಹೊಡೆತ ಬಡಿತದ ವಿಷಯ ಹೇಳುವುದು ಬಟ್ಟೆ ಒಣಹಾಕುವಾಗ. ಇಬ್ಬರೂ ಒದ್ದೆ ಫನೆಕ್ (ಇಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ) ಹಿಂಡುತ್ತಾ, ಮುಖ ನೋಡದೆ, ಹವಾಮಾನ ಮಾತಾಡುವ ಹಾಗೆ. ಇದನ್ನು ನನಗೆ ಕಲಿಸಿದವರು ಜೊತೆಗೆ ಕೆಲಸ ಮಾಡುವ ಇಲ್ಲಿನ ಹುಡುಗಿಯರು. ಅವರೂ ಮನೆ ಕಳಕೊಂಡವರೇ, ಸಂಜೆ ಫೈಲು ಮುಚ್ಚಿ ಅದೇ ಕ್ಯಾಂಪಿನ ತಮ್ಮ ಬೆಡ್‌ಶೀಟ್ ಗೋಡೆಯ ಹಿಂದೆ ಮಲಗುತ್ತಾರೆ. ಅವರ ಸಂಬಳ ನನ್ನ ಸಂಬಳಕ್ಕಿಂತ ಕಡಿಮೆ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮೀಟಿಂಗಿನಲ್ಲಿ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇನ್ನೊಂದಿದೆ. ಯಾರದು ತಪ್ಪು? ಕಾಮೆಂಟಿನಲ್ಲಿ ದಯವಿಟ್ಟು ಇದನ್ನು ಎತ್ತಬೇಡಿ. ನನಗೆ ಅಭಿಪ್ರಾಯ ಇಲ್ಲ ಅಂತಲ್ಲ. ಅದನ್ನು ಇಲ್ಲಿ ಬರೆದರೆ ನಾಳೆ ಬೆಳಿಗ್ಗೆ ಆ ಚೆಕ್‌ಪೋಸ್ಟಿನಲ್ಲಿ ಒಂದು ಕಡೆ ನನ್ನ ಗಾಡಿ ನಿಲ್ಲುತ್ತದೆ, ಆ ಕಡೆಯ ಫೈಲುಗಳೂ ಅಲ್ಲೇ ನಿಲ್ಲುತ್ತವೆ.

2025ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಅದೇ ವರ್ಷ ಜುಲೈನಲ್ಲಿ, ಡಿಸೆಂಬರ್ ಒಳಗೆ ಹಂತ ಹಂತವಾಗಿ ಕ್ಯಾಂಪ್ ಮುಚ್ಚುತ್ತೇವೆ ಅಂತ ಅಧಿಕಾರಿಗಳು ಹೇಳಿದರು. ಕ್ಯಾಂಪ್ ಮುಚ್ಚಲಿ, ಯಾರಿಗೂ ಅಲ್ಲಿರೋಕೆ ಇಷ್ಟ ಇಲ್ಲ. ಆದರೆ ಕ್ಯಾಂಪ್ ಮುಚ್ಚಿದ ಕೂಡಲೇ ಹಣ ಕೊಡುವವರು ಕೇಸ್ ವರ್ಕರ್ ಹುದ್ದೆಯನ್ನೂ ಮುಚ್ಚುವುದು ಶುದ್ಧ ತಪ್ಪು. ಒಂದೇ ಹಾಲ್‌ನಲ್ಲಿದ್ದ ಜನ ಪ್ರಿಫ್ಯಾಬ್ ಮನೆ, ಬಾಡಿಗೆ ರೂಮು, ನೆಂಟರ ಮನೆ ಅಂತ ಚದುರಿದಾಗಲೇ ಹುಡುಕಿಕೊಂಡು ಹೋಗುವ ಕೆಲಸ ಜಾಸ್ತಿ. ಕ್ಯಾಂಪಿನಲ್ಲಿದ್ದಾಗ ಕನಿಷ್ಠ ಒಂದು ಕೂಗಿಗೆ ಸಿಗುತ್ತಿದ್ದರು.

ಹಾಗಾದರೆ ಬಟ್ಟೆ ಬೇಡ, ಏನು ಮಾಡಲಿ ಅನ್ನುವವರಿಗೆ, ನಮ್ಮಲ್ಲೇ ಒಂದು ಕೆಲಸ ಇದೆ. ಇಲ್ಲಿ ಎರಡೂ ಕಡೆಯ ಎಷ್ಟೋ ಮನೆಯ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಸಲೂನ್, ಹೋಟೆಲ್, ಕಾಲ್ ಸೆಂಟರ್, ಕಾಲೇಜು ಅಂತ. 2012ರಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಹುಡುಗರು ಗುವಾಹಟಿ ರೈಲಿಗೆ ಮುಗಿಬಿದ್ದದ್ದು ನೆನಪಿರಬೇಕು. ಈ ಸಲ ಊರಲ್ಲೇ ಜಾಗ ಇಲ್ಲದೆ ಓದು ಮುಂದುವರಿಸೋಕೆ ನಮ್ಮ ಕಡೆಗೇ ಬಂದವರಿದ್ದಾರೆ. ಬಂದವರಲ್ಲಿ ಕೆಲವರ ಮಾರ್ಕ್ಸ್ ಕಾರ್ಡು, ಟಿಸಿ ಸುಟ್ಟಿದೆ, ಡೂಪ್ಲಿಕೇಟ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ, ಒರಿಜಿನಲ್ ಇಲ್ಲದೆ ಅಡ್ಮಿಷನ್ ಇಲ್ಲ ಅಂತ ವಾಪಸ್ ಕಳಿಸುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರು ಕಡೆ ಕಾಲೇಜು ಆಫೀಸಿನಲ್ಲಿ ಕೆಲಸ ಮಾಡುವವರು, ಅಂಥವರು ಗೊತ್ತಿರುವವರು ಇನ್‌ಬಾಕ್ಸಿಗೆ ಬನ್ನಿ. ಅಫಿಡವಿಟ್, ಎಫ್‌ಐಆರ್ ಕಾಪಿ ಎಲ್ಲ ನಾನು ಸ್ಕ್ಯಾನ್ ಮಾಡಿ ಕಳಿಸುತ್ತೇನೆ, ಅಡ್ಮಿಷನ್ ಮುಗಿಯುವ ಮೊದಲೇ ಮಾತಾಡಬೇಕು. ಇಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ, ಉತ್ತರ ತಡವಾದರೆ ಇನ್ನೊಂದು ಮೆಸೇಜ್ ಹಾಕಿ.